ಡೋಕುವಿಕಿಯಿಂದ ಬುಕ್‌ಸ್ಟ್ಯಾಕ್‌ಗೆ: ಪುಟ ಹೋದವು, ಸ್ಟಿಕ್ಕರ್ ಉಳಿದವು

ನಮ್ಮ ಕಂಪನಿಯ ವಿಕಿ, ಅಂದರೆ ಕೆಲಸದ ಮಾಹಿತಿಯನ್ನು ಸಿಬ್ಬಂದಿಯೇ ಬರೆದು ತಿದ್ದುವ ಪುಟಗಳ ತಾಣ, ಡೋಕುವಿಕಿ ತಂತ್ರಾಂಶದಿಂದ ಬುಕ್‌ಸ್ಟ್ಯಾಕ್‌ಗೆ ಸಾಗಿದ ಕಥೆ ಇದು. ಹಳೆಯ ವಿಕಿ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆಗಳೆಲ್ಲ ಹಳೆಯದನ್ನು ಬೈಯುತ್ತಲೇ ಶುರುವಾಗುತ್ತವೆ. ನಮ್ಮದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಂಪನಿ. ಮೂಲೆಯಲ್ಲಿದ್ದ ಸರ್ವರ್‌ನಲ್ಲಿ ಡೋಕುವಿಕಿ ವರ್ಷಗಟ್ಟಲೆ ತಂಟೆ ತಕರಾರಿಲ್ಲದೆ ಓಡಿದೆ. 2004ರಲ್ಲಿ ಆಂಡ್ರಿಯಾಸ್ ಗೋರ್ ಶುರು ಮಾಡಿದ ಈ ತಂತ್ರಾಂಶಕ್ಕೆ ಡೇಟಾಬೇಸೇ ಬೇಡ. ಒಂದೊಂದು ಪುಟವೂ ಒಂದೊಂದು ಟೆಕ್ಸ್ಟ್ ಫೈಲ್. ಬ್ಯಾಕಪ್ ಅಂದರೆ ಫೋಲ್ಡರ್ ಕಾಪಿ ಮಾಡುವುದು, ಅಷ್ಟೇ.

ತೊಂದರೆ ಇದ್ದದ್ದು ಬರೆಯುವವರ ಕಡೆ. ತಲೆಬರಹಕ್ಕೆ ಆಚೆ ಈಚೆ ಆರಾರು ಸಮಚಿಹ್ನೆ, ಟೇಬಲ್‌ಗೆ ಉದ್ದ ಗೆರೆಗಳು. ಇದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡುತ್ತಾ ಕೂರುವವರು ಯಾರು? ಶಾಪ್ ಫ್ಲೋರ್‌ನ ಸೂಪರ್‌ವೈಸರ್‌ಗಳು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನನಗೆ ಕಳಿಸುತ್ತಿದ್ದರು. ನಾನು ಬಿಡುವಾದಾಗ ಹಾಕುತ್ತಿದ್ದೆ. ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಅಂತ ಒಂದು ಕಲಮು ಇದೆ. ಸಂಸ್ಥೆಯ ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು ಅಂತ ಗುರುತಿಸಿ, ಉಳಿಸಿಕೊಂಡು, ಬೇಕಾದವರಿಗೆ ಸಿಗುವ ಹಾಗೆ ಇಡಬೇಕು ಅನ್ನುತ್ತದೆ. ಆಡಿಟರ್ ಮುಂದೆ ಕೂತು "ಅದೆಲ್ಲ ನನ್ನ ವಾಟ್ಸಾಪ್‌ನಲ್ಲಿದೆ ಸಾರ್" ಅನ್ನೋಕಾಗಲ್ಲ, ಅಲ್ವಾ?

ಹೊಸ ವೇದಿಕೆ ಹುಡುಕುವಾಗ ಬೇಡಿಕೆ ಮೂರೇ ಇದ್ದವು. ವರ್ಡ್‌ನಂಥ ಎಡಿಟರ್ ಇರಬೇಕು. ನಮ್ಮದೇ ಸರ್ವರ್‌ನಲ್ಲಿ ಓಡಬೇಕು. ಕೆಲವು ಪುಟ ಕೆಲವರಿಗೆ ಮಾತ್ರ ಕಾಣಬೇಕು. ಕಾನ್‌ಫ್ಲುಯೆನ್ಸ್ ಅನ್ನುವ ವಿಕಿ ತಂತ್ರಾಂಶದ ಹೆಸರು ಬಂತು, ಆದರೆ ಅದರ ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರವರಿ 15ಕ್ಕೇ ನಿಂತಿತ್ತು. ವಿಕಿಪೀಡಿಯ ಓಡುವ ಮೀಡಿಯಾವಿಕಿ ನನಗೆ ತುಂಬಾ ಇಷ್ಟ, ಆದರೆ ಎಲ್ಲರೂ ಎಲ್ಲವನ್ನೂ ಓದಲಿ ಅನ್ನುವ ಮನಸ್ಸಿನಿಂದ ಕಟ್ಟಿದ್ದು ಅದು. ಪುಟದ ಮಟ್ಟದಲ್ಲಿ ಓದುವ ಹಕ್ಕು ತಡೆಯಲು ತಾನು ಸರಿಯಾದ ಜಾಗ ಅಲ್ಲ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಕೊನೆಗೆ ಉಳಿದದ್ದು ಬುಕ್‌ಸ್ಟ್ಯಾಕ್. ಪಿಎಚ್‌ಪಿ ಭಾಷೆಯಲ್ಲಿ ಬರೆದ, 2015ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಶೆಲ್ಫ್, ಪುಸ್ತಕ, ಅಧ್ಯಾಯ, ಪುಟ ಅಂತ ನಾಲ್ಕೇ ಮೆಟ್ಟಿಲು. ಶೆಲ್ಫಿನಲ್ಲಿ ಪುಸ್ತಕ ಇರುತ್ತದೆ, ಪುಸ್ತಕದಲ್ಲಿ ಅಧ್ಯಾಯ ಇರುತ್ತದೆ. ಇದನ್ನು ಯಾರಿಗೂ ಕೂರಿಸಿ ಪಾಠ ಮಾಡಬೇಕಾಗಿಲ್ಲ.

ಏನನ್ನು ಬಿಟ್ಟು ಬರುವುದು

ಡೋಕುವಿಕಿ ಪ್ರತಿ ಪುಟಕ್ಕೂ ಒಂದು ಬದಲಾವಣೆ ಕಡತ ಇಡುತ್ತದೆ. ಒಂದು ಸಾಲಿಗೆ ಒಂದು ತಿದ್ದುಪಡಿ: ಸಮಯ, ಐಪಿ ವಿಳಾಸ, ತಿದ್ದುಪಡಿಯ ಬಗೆ, ಪುಟ, ಬಳಕೆದಾರ, ಟಿಪ್ಪಣಿ. ಈ ಕಡತಗಳನ್ನೂ ವೆಬ್ ಸರ್ವರ್‌ನ ಲಾಗನ್ನೂ ಒಟ್ಟಿಗೆ ಸ್ಪ್ರೆಡ್‌ಶೀಟಿಗೆ ಸುರಿದೆ. ಸಾವಿರದ ಆಸುಪಾಸು ಪುಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುಟಗಳನ್ನು ಒಂದು ವರ್ಷದಿಂದ ಯಾರೂ ತೆರೆದಿರಲಿಲ್ಲ. ಮಾರಿಹೋದ ಯಂತ್ರಗಳು, ಮುಚ್ಚಿದ ಕ್ಯಾಂಟೀನ್ ಟೆಂಡರ್, ಯಾರದೋ "ಪರೀಕ್ಷೆ ಪುಟ 2".

ಅವನ್ನು ಅಳಿಸಲಿಲ್ಲ, ಹೊಸ ವಿಕಿಗೂ ತರಲಿಲ್ಲ. ಇಡೀ ಹಳೆಯ ವಿಕಿಯನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಇಳಿಸಿ, ಓದಲು ಮಾತ್ರ ಸಿಗುವಂತೆ ಒಂದು ಕಡೆ ಇಟ್ಟೆ. ಹಳೆಯ ಆವೃತ್ತಿಗಳ ಫೋಲ್ಡರ್ ಕೂಡ ಅದರ ಪಕ್ಕದಲ್ಲೇ ಇದೆ. ಇತಿಹಾಸವನ್ನೂ ಹೊಸದಕ್ಕೆ ತುಂಬಿ ಅಂತ ಒಬ್ಬರು ಪಟ್ಟು ಹಿಡಿದರು. ಮಾಡಬಹುದು, ಆದರೆ ಸುಮ್ನೆ ಕೆಲಸ. 2016ರಲ್ಲಿ ಯಾರೋ ಒಂದು ಕಾಮಾ ತೆಗೆದದ್ದನ್ನು ಹೊತ್ತು ತರುವುದಕ್ಕಿಂತ, ಪುಟಕ್ಕೊಂದು ಟ್ಯಾಗ್ ಹಾಕಿ "ಹಳೆಯ ಕೊನೆ ತಿದ್ದುಪಡಿ" ದಿನಾಂಕ ಬರೆದರೆ ಸಾಕು. ಈ ಟ್ಯಾಗ್ ಮಾತ್ರ ಬೇಕೇ ಬೇಕು. ಎಪಿಐ, ಅಂದರೆ ಸ್ಕ್ರಿಪ್ಟ್‌ಗಳು ಬುಕ್‌ಸ್ಟ್ಯಾಕ್ ಜೊತೆ ಮಾತಾಡುವ ದಾರಿ, ಅದರ ಮೂಲಕ ಹಾಕಿದ ಪುಟಗಳೆಲ್ಲ ಇವತ್ತೇ, ಟೋಕನ್ (ಪ್ರವೇಶದ ಕೀಲಿ) ಯಾರದೋ ಅವರೇ ಬರೆದ ಹಾಗೆ ಕಾಣುತ್ತವೆ. ಐದು ವರ್ಷ ಹಳೆಯ ಎಣ್ಣೆ ಪಟ್ಟಿಯ ಮೇಲೆ ಇವತ್ತಿನ ದಿನಾಂಕ ಕಂಡರೆ ಓದುವವರು ನಂಬಿಬಿಡುತ್ತಾರೆ.

ಹೆಸರಿನ ತೊಡಕು

ಹಳೆಯ ಪುಟಗಳ ಹೆಸರು ಯಾಕೆ ಅರ್ಧಂಬರ್ಧ ಇವೆ ಅಂತ ನನಗೆ ಬಹಳ ದಿನದ ಕುತೂಹಲ. "ಲೇತ್ ಮುನ್ನೆಚ್ಚ", "ಗ್ರೈಂಡರ್ ಸ್ಪಿಂ" ಅನ್ನುವ ಥರದವು. ಕಾರಣ ಫೈಲ್ ಸಿಸ್ಟಂನಲ್ಲಿತ್ತು. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರು 255 ಬೈಟ್ ದಾಟುವಂತಿಲ್ಲ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ಡೋಕುವಿಕಿ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಫೈಲ್ ಹೆಸರನ್ನು ವೆಬ್ ವಿಳಾಸದ ಹಾಗೆ ಶೇಕಡಾ ಚಿಹ್ನೆ ಹಾಕಿ ಬರೆಯುತ್ತದೆ. ಆಗ ಒಂದೊಂದು ಬೈಟೂ ಮೂರು ಅಕ್ಷರ ಆಗುತ್ತದೆ. ಅಂದರೆ ಒಂದು ಕನ್ನಡ ಸಂಕೇತಕ್ಕೆ 9 ಬೈಟ್ ಖರ್ಚು. ಫೈಲ್ ಹೆಸರಿನ ಕೊನೆಯ ವಿಸ್ತರಣೆಯ (.txt) 4 ಬೈಟ್ ಕಳೆದರೆ ಉಳಿಯುವುದು 27 ಸಂಕೇತ.

ಸಂಕೇತ ಅಂದರೆ ನಾವು ಎಣಿಸುವ ಅಕ್ಷರ ಅಲ್ಲ. ಕಾಗುಣಿತದ ಗುರುತು ಬೇರೆ, ಒತ್ತಿನ ಹಿಂದಿನ ವಿರಾಮ, ಅಂದರೆ ಅರ್ಧಾಕ್ಷರದ "್" ಗುರುತು, ಬೇರೆ. "ಮುನ್ನೆಚ್ಚರಿಕೆ" ಒಂದಕ್ಕೇ 13 ಸಂಕೇತ, 117 ಬೈಟ್. ಹಿಂದೆ ಈ ಪುಟ ಮಾಡಿದವರಿಗೆ ಹೆಸರು ಉದ್ದವಾದಾಗ ಸೇವ್ ಆಗದೇ ಇದ್ದದ್ದು ಕಂಡಿರಬೇಕು. ಕತ್ತರಿಸಿ ಮುಂದೆ ಹೋಗಿದ್ದಾರೆ.

ಪುಣ್ಯಕ್ಕೆ ಪುಟದೊಳಗಿನ ಮೊದಲ ತಲೆಬರಹ ಪೂರ್ತಿ ಇತ್ತು. ಅದನ್ನೇ ಹೊಸ ಪುಟದ ಹೆಸರಾಗಿ ತೆಗೆದುಕೊಂಡೆ. ಹೋಲಿಸುವ ಮೊದಲು ಎಲ್ಲವನ್ನೂ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಜೋಡಿಸಿ ಒಂದೇ ಬಗೆಯಾಗಿ ಬರೆಯುವ ರೂಪಕ್ಕೆ, ತಂದೆ. ಪೈಥಾನ್‌ನಲ್ಲಿ ಇದು ಒಂದೇ ಸಾಲಿನ ಕೆಲಸ, ಆದರೆ ಬಿಡುವಂತಿಲ್ಲ. "ೋ" ಅನ್ನುವ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಮೂರು ತುಂಡು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. "ಬೋರಿಂಗ್ ಯಂತ್ರ" ಅಂತ ಎರಡು ಪುಟ ಪಟ್ಟಿಯಲ್ಲಿ ಅಕ್ಕಪಕ್ಕ ಕಂಡದ್ದು ಇದೇ ಕಾರಣಕ್ಕೆ.

ಎರಡು ಸುತ್ತು

ಡೋಕುವಿಕಿಯ ಗುರುತುಭಾಷೆಯನ್ನು ಓದಿ ಬೇರೆ ರೂಪಕ್ಕೆ ತರಲು ಪ್ಯಾಂಡಾಕ್ ಅನ್ನುವ ತಂತ್ರಾಂಶಕ್ಕೆ ಬರುತ್ತದೆ. ಸಾದಾ ಪುಟಗಳಿಗೆ ಅದು ಚೆನ್ನಾಗಿದೆ. ನಮ್ಮಲ್ಲಿ ಪ್ಲಗಿನ್‌ಗಳು, ಅಂದರೆ ಡೋಕುವಿಕಿಗೆ ಹೊರಗಿನಿಂದ ಸೇರಿಸಿದ ಸಲಕರಣೆಗಳು, ಜಾಸ್ತಿ. ಎಚ್ಚರಿಕೆಯ ಹಳದಿ ಡಬ್ಬಿಗಳು, ಎರಡು ಕಾಲಂ ಜೋಡಣೆ, ಇವು ಪ್ಯಾಂಡಾಕ್‌ಗೆ ಗೊತ್ತಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ. ಪುಟದ ಒಡಲನ್ನಷ್ಟೇ ಎಚ್‌ಟಿಎಂಎಲ್ ಆಗಿ ಕೊಡುವ ಸವಲತ್ತು ಡೋಕುವಿಕಿಯಲ್ಲೇ ಇದೆ. ವಿಳಾಸದ ಕೊನೆಗೆ ಒಂದು ಮಾತು ಸೇರಿಸಿದರೆ ಸಾಕು. ಪ್ಲಗಿನ್‌ಗಳೆಲ್ಲ ಅಲ್ಲೇ ಬೆಂದು ಬರುತ್ತವೆ. ಆಮೇಲೆ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಸುತ್ತಲಿನ ಡಿವ್‌ಗಳನ್ನು (ಎಚ್‌ಟಿಎಂಎಲ್‌ನ ಚೌಕಟ್ಟುಗಳನ್ನು) ಬಿಚ್ಚಿ, ಹಳದಿ ಡಬ್ಬಿಗಳನ್ನು ಬುಕ್‌ಸ್ಟ್ಯಾಕ್‌ನ ಎಚ್ಚರಿಕೆ ಡಬ್ಬಿಗಳಾಗಿ ಬದಲಿಸಿದೆ.

ಹಾಕುವ ಕೆಲಸವನ್ನು ಎರಡು ಸುತ್ತಿನಲ್ಲಿ ಮಾಡಬೇಕು. ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದು ಪುಟದಲ್ಲಿ ಇನ್ನೊಂದು ಪುಟಕ್ಕೆ ಲಿಂಕ್ ಇರುತ್ತದೆ. ಆ ಇನ್ನೊಂದು ಪುಟ ಹೊಸ ವಿಕಿಯಲ್ಲಿ ಹುಟ್ಟುವವರೆಗೆ ಅದರ ಸಂಖ್ಯೆ ಗೊತ್ತಾಗುವುದಿಲ್ಲ. ಚಿತ್ರಗಳದ್ದೂ ಅದೇ ಕಥೆ. ಗ್ಯಾಲರಿಗೆ ಚಿತ್ರ ಏರಿಸಬೇಕಾದರೆ ಅದು ಯಾವ ಪುಟಕ್ಕೆ ಸೇರಿದ್ದು ಅಂತ ಹೇಳಬೇಕು, ಅಂದರೆ ಪುಟ ಮೊದಲೇ ಇರಬೇಕು. ಹಾಗಾಗಿ ಮೊದಲ ಸುತ್ತಿನಲ್ಲಿ ಪುಸ್ತಕ, ಅಧ್ಯಾಯ, ಪುಟ ಎಲ್ಲವನ್ನೂ ಖಾಲಿಯಾಗಿ ಸೃಷ್ಟಿಸಿದೆ. ಲೇಔಟ್‌ನಲ್ಲಿ ಎಲ್ಲಾ ಸೈಟ್‌ಗೂ ಮೊದಲು ನಂಬರ್ ಕೊಟ್ಟು, ಆಮೇಲೆ ಮನೆ ಕಟ್ಟಿದ ಹಾಗೆ. ಪೂರ್ತಿ ಖಾಲಿ ಪುಟವನ್ನು ಎಪಿಐ ಒಪ್ಪುವುದಿಲ್ಲ, ಆದ್ದರಿಂದ "ವಿಷಯ ಬರಲಿದೆ" ಅಂತ ಒಂದು ಸಾಲು. ಪ್ರತಿ ಪುಟ ಹುಟ್ಟಿದಂತೆ ಅದರ ಹಳೆಯ ಹೆಸರು ಮತ್ತು ಹೊಸ ಸಂಖ್ಯೆಯನ್ನು ಒಂದು ಸಿಎಸ್‌ವಿ ಕಡತಕ್ಕೆ (ಕಾಮಾ ಹಾಕಿ ಬರೆದ ಸಾದಾ ಪಟ್ಟಿಗೆ) ಬರೆಯುತ್ತಾ ಹೋದೆ. ಎರಡನೇ ಸುತ್ತಿನಲ್ಲಿ ಚಿತ್ರ ಏರಿಸಿ, ಲಿಂಕ್ ತಿದ್ದಿ, ನಿಜವಾದ ವಿಷಯ ತುಂಬಿದೆ.

ಬುಕ್‌ಸ್ಟ್ಯಾಕ್ ಎಪಿಐಗೆ ನಿಮಿಷಕ್ಕೆ 180 ಕೋರಿಕೆಯ ಮಿತಿ ಇದೆ. ಸೆಟ್ಟಿಂಗ್‌ನಲ್ಲಿ ಏರಿಸಬಹುದು. ನಾನು ಹಾಗೇ ಬಿಟ್ಟು ಸ್ಕ್ರಿಪ್ಟ್‌ಗೇ ಸ್ವಲ್ಪ ಉಸಿರಾಡಲು ಹೇಳಿದೆ. ರಾತ್ರಿ ಓಡುವ ಕೆಲಸಕ್ಕೆ ಅವಸರ ಯಾಕೆ?

ಚಿತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಡೋಕುವಿಕಿ ಪುಟದಲ್ಲಿ 200 ಪಿಕ್ಸೆಲ್ ಅಗಲದ ಚಿತ್ರ ಕಂಡರೆ ಅದು ಆ ಕ್ಷಣಕ್ಕೆ ಕುಗ್ಗಿಸಿದ ಪ್ರತಿ. ಎಚ್‌ಟಿಎಂಎಲ್‌ನಲ್ಲಿರುವ ವಿಳಾಸ ಹಿಡಿದು ಇಳಿಸಿದರೆ ನಿಮಗೆ ಸಿಗುವುದು ಆ ಕುಗ್ಗಿದ್ದೇ. ವೈರಿಂಗ್ ನಕ್ಷೆಯಲ್ಲಿ ಟರ್ಮಿನಲ್ ನಂಬರ್ ಓದಲಾಗದಿದ್ದರೆ ಆ ನಕ್ಷೆ ಇದ್ದೂ ಇಲ್ಲದ ಹಾಗೆ. ವಿಳಾಸದೊಳಗಿಂದ ಫೈಲ್ ಹೆಸರು ಮಾತ್ರ ಹೆಕ್ಕಿ, ಮೂಲ ಚಿತ್ರವನ್ನು ಮೀಡಿಯಾ ಫೋಲ್ಡರ್‌ನಿಂದಲೇ ತೆಗೆದುಕೊಳ್ಳಬೇಕು.

ಹಳೆಯ ವಿಕಿಯ ಒಂದರೊಳಗೊಂದು ಇರುವ ಫೋಲ್ಡರ್‌ಗಳನ್ನು ಹೊಸದರ ನಾಲ್ಕು ಮೆಟ್ಟಿಲಿಗೆ ಇಳಿಸುವುದು ತಾಂತ್ರಿಕ ಕೆಲಸ ಅಲ್ಲವೇ ಅಲ್ಲ, ಪಂಚಾಯಿತಿ. ಗುಣಮಟ್ಟದವರು ತಮಗೊಂದು ಶೆಲ್ಫ್ ಬೇಕು ಅಂದರು, ನಿರ್ವಹಣೆಯವರು ಅದೇ ಪುಸ್ತಕ ತಮ್ಮದು ಅಂದರು. ಒಂದು ಪುಸ್ತಕ ಎರಡು ಶೆಲ್ಫ್‌ನಲ್ಲಿ ಇರಬಹುದು ಅಂತ ತೋರಿಸಿದ ಮೇಲೆ ಸಭೆ ಮುಗಿಯಿತು.

ಸ್ಟಿಕ್ಕರ್

ನಮ್ಮಲ್ಲಿ ಪ್ರತಿ ಯಂತ್ರದ ಮೇಲೂ ಒಂದು ಕ್ಯೂಆರ್ ಸ್ಟಿಕ್ಕರ್ ಇದೆ. ಫೋನ್ ಹಿಡಿದರೆ ಆ ಯಂತ್ರದ ಪುಟ. ಯಾವ ಎಣ್ಣೆ, ಯಾವ ಬೆಲ್ಟ್, ಅಲಾರಂ ಬಂದರೆ ಮೊದಲು ಏನು ನೋಡಬೇಕು. ಎಲ್ಲಾ ಸ್ಟಿಕ್ಕರ್‌ಗಳೂ ಹಳೆಯ ವಿಳಾಸವನ್ನೇ ಹೊತ್ತಿವೆ. ಕೆಲವನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚು ಹಾಕಿ ರಿವೆಟ್ ಹೊಡೆದಿದ್ದಾರೆ. ಪುಟ ಎಷ್ಟೇ ಚೆನ್ನಾಗಿ ಸಾಗಿಸಿದರೂ, ಯಂತ್ರದ ಮುಂದೆ ನಿಂತವನಿಗೆ "ಪುಟ ಸಿಗಲಿಲ್ಲ" ಅಂತ ಬಂದರೆ ಇಡೀ ಕೆಲಸ ಸೋತ ಹಾಗೆಯೇ. ಅದಕ್ಕೆ ವಿಳಾಸದ ಕೆಲಸಕ್ಕೆ ಬೇರೆಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ.

ಬುಕ್‌ಸ್ಟ್ಯಾಕ್‌ನಲ್ಲಿ ಪ್ರತಿ ಪುಟಕ್ಕೂ ಸಂಖ್ಯೆಯಿಂದ ಹೋಗುವ ಒಂದು ಶಾಶ್ವತ ಲಿಂಕ್ ಇದೆ. ಪುಟದ ಹೆಸರು ಬದಲಾಗಲಿ, ಬೇರೆ ಪುಸ್ತಕಕ್ಕೆ ಹೋಗಲಿ, ಆ ಲಿಂಕ್ ಬದಲಾಗುವುದಿಲ್ಲ. ಹಳೆಯ ಹೆಸರಿಂದ ಈ ಸಂಖ್ಯೆಗೆ ತಿರುಗಿಸಬೇಕು, ಅಷ್ಟೇ. ಸಿಎಸ್‌ವಿ ಕಡತ ಕೈಯಲ್ಲೇ ಇದೆ.

ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಮ್ಯಾಪ್‌ನಲ್ಲೇ, ಅಂದರೆ ಹಳೆಯದಕ್ಕೆ ಹೊಸದನ್ನು ಸೂಚಿಸುವ ಪಟ್ಟಿಯಲ್ಲೇ, ಮುಗಿಸಬಹುದು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಎನ್‌ಜಿನ್‌ಎಕ್ಸ್ ವಿಳಾಸದಲ್ಲಿನ ಮೌಲ್ಯವನ್ನು ಬಿಡಿಸದೆ, ಬಂದ ಹಾಗೆಯೇ ಕೊಡುತ್ತದೆ. ಶೇಕಡಾ ರೂಪದಲ್ಲಿ ದೊಡ್ಡಕ್ಷರ ಇರಬಹುದು, ಚಿಕ್ಕಕ್ಷರ ಇರಬಹುದು. ಫೋಲ್ಡರ್ ಮತ್ತು ಪುಟದ ಹೆಸರಿನ ನಡುವಿನ ಕೋಲನ್ ಹಾಗೆಯೇ ಬರಬಹುದು, ಶೇಕಡಾ ರೂಪದಲ್ಲೂ ಬರಬಹುದು. ಖಾಲಿ ಜಾಗ ಇದ್ದರೆ ಡೋಕುವಿಕಿ ಅದನ್ನು ಕೆಳಗೆರೆ ಮಾಡಿಕೊಳ್ಳುತ್ತಿತ್ತು, ಇಂಗ್ಲಿಷ್ ದೊಡ್ಡಕ್ಷರವನ್ನು ಚಿಕ್ಕದು ಮಾಡುತ್ತಿತ್ತು. ಈ ಉದಾರತೆ ಎನ್‌ಜಿನ್‌ಎಕ್ಸ್‌ಗೆ ಇಲ್ಲ. ಹಳೆಯ ಹೋಸ್ಟ್ ಹೆಸರನ್ನು ಉಳಿಸಿಕೊಂಡು, ಹಳೆಯ ಫೈಲ್ ಇದ್ದ ಜಾಗದಲ್ಲೇ ಅದೇ ಹೆಸರಿನ ಚಿಕ್ಕ ಪಿಎಚ್‌ಪಿ ಫೈಲ್ ಇಟ್ಟೆ. ಅದು ಬಂದ ಹೆಸರನ್ನು ಬಿಡಿಸಿ, ಡೋಕುವಿಕಿ ಮಾಡುತ್ತಿದ್ದ ಹಾಗೆಯೇ ತೊಳೆದು, ಎನ್‌ಎಫ್‌ಸಿಗೆ ತಂದು, ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಹೊಸ ಪುಟ. ಸಿಗದಿದ್ದರೆ ಓದಲು ಮಾತ್ರ ಇಟ್ಟ ಹಳೆಯ ಪ್ರತಿ. ಎರಡೂ ಇಲ್ಲದಿದ್ದರೆ ಹುಡುಕಾಟದ ಪುಟ, ಜೊತೆಗೆ ಲಾಗ್‌ನಲ್ಲಿ ಒಂದು ಸಾಲು.

ಹೀಗೆ ತಿರುಗಿಸುವಾಗ ಬ್ರೌಸರಿಗೆ ಒಂದು ಕೋಡ್ ಹೋಗುತ್ತದೆ. ಶುರುವಿನಲ್ಲಿ ತಾತ್ಕಾಲಿಕ ಅನ್ನುವ 302 ಕಳಿಸಿ, 301 ಬೇಡ. 301 ಅಂದರೆ ಶಾಶ್ವತ ಬದಲಾವಣೆ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡರೆ, ನೀವು ಪಟ್ಟಿ ತಿದ್ದಿದ್ದು ಆ ಫೋನಿಗೆ ಗೊತ್ತೇ ಆಗುವುದಿಲ್ಲ. ಲಾಗ್ ಸುಮ್ಮನಾದ ಮೇಲೆ ಬದಲಿಸಿದರಾಯಿತು.

ಹೊಸ ಸ್ಟಿಕ್ಕರ್‌ಗಳ ಲೆಕ್ಕ ನೋಡಿ ನನಗೇ ಖುಷಿಯಾಯಿತು. ನಮ್ಮ ಹಳೆಯ ವಿಳಾಸದ ಶುರುವಿನ ಭಾಗ 30 ಬೈಟ್. ಪುಟದ ಹೆಸರಿನಲ್ಲಿ 18 ಕನ್ನಡ ಸಂಕೇತ ಇದ್ದರೆ ಅದೇ 162. ಒಟ್ಟು 192 ಬೈಟ್. ಮಧ್ಯಮ ತಪ್ಪು ತಿದ್ದುವಿಕೆಯ ಮಟ್ಟದಲ್ಲಿ ಇದಕ್ಕೆ 57×57 ಚೌಕಗಳ ಕ್ಯೂಆರ್ ಬೇಕು. ಚಿಕ್ಕ ಸ್ಟಿಕ್ಕರ್‌ನಲ್ಲಿ ಅಷ್ಟು ಚೌಕ ತುಂಬಿದರೆ ಚುಕ್ಕಿ ಸಣ್ಣದಾಗುತ್ತದೆ. ಕೂಲೆಂಟ್ ಹನಿ ಬಿದ್ದರೆ ಫೋನ್ ಒದ್ದಾಡುತ್ತದೆ. ಹೊಸ ಶಾಶ್ವತ ಲಿಂಕ್ 26 ಬೈಟ್. ಸುಮಾರು 25% ಹಾಳಾದರೂ ಓದಿಸಿಕೊಳ್ಳುವ ಮಟ್ಟ ಇಟ್ಟುಕೊಂಡೂ 29×29ರಲ್ಲಿ ಕೂರುತ್ತದೆ. ಅದೇ ಅಳತೆಯ ಸ್ಟಿಕ್ಕರ್, ಚುಕ್ಕಿ ಹೆಚ್ಚು ಕಡಿಮೆ ಎರಡರಷ್ಟು ಅಗಲ. ಹರಿದುಹೋದವನ್ನು ಮಾತ್ರ ಹೊಸದರಿಂದ ಬದಲಿಸುತ್ತಾ ಬರುತ್ತಿದ್ದೇವೆ.

ನುಡಿ ಫೈಲ್‌ಗಳು

ಹಳೆಯ ಕಾರ್ಯವಿಧಾನದ ಪತ್ರಗಳು ವಿಕಿಯಲ್ಲಿ ವರ್ಡ್ ಫೈಲ್‌ಗಳಾಗಿ ಅಂಟಿಕೊಂಡಿದ್ದವು. ಬಹುಪಾಲು ನುಡಿ, ಬರಹ ಕಾಲದ ಹಳೆಯ ಫಾಂಟ್‌ನವು. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು. ಹುಡುಕಿದರೆ ಏನೂ ಸಿಗದು. ಇವನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಸ್ಕ್ರಿಪ್ಟ್‌ಗಳು ಇವೆ, ಮತ್ತು ಚೆನ್ನಾಗಿವೆ. ಅವು ಅರ್ಕಾವತ್ತನ್ನೂ ಸರಿಯಾಗಿ ನೋಡಿಕೊಳ್ಳುತ್ತವೆ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತಿನ ಚಿಹ್ನೆ ಕಾಣುವ ಹಾಗೆಯೇ ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚರಿಸುವ ಹಾಗೆ ರಕಾರ ಮೊದಲು. ಅದನ್ನು ಎತ್ತಿ ಹಿಂದಕ್ಕೆ ಇಡಬೇಕು.

ಕಷ್ಟ ಬೇರೆ ಕಡೆ ಇತ್ತು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ್ದವು. ನಮ್ಮ ಪತ್ರಗಳಲ್ಲಿ ಸಾಲಿಗೊಂದು ಇಂಗ್ಲಿಷ್ ತುಂಡು ಇರುತ್ತದೆ: ಬೋಲ್ಟ್ ಅಳತೆ, ಎಣ್ಣೆಯ ಗ್ರೇಡ್, ಅಲಾರಂ ಸಂಖ್ಯೆ. ಇಡೀ ಸಾಲನ್ನು ತಿರುಗಿಸಿದರೆ ಎಂ12 ಬೋಲ್ಟ್ "ಒ12" ಬೋಲ್ಟ್ ಆಗುತ್ತದೆ, ಯಾಕೆಂದರೆ ಆ ಫಾಂಟ್‌ನಲ್ಲಿ ಇಂಗ್ಲಿಷಿನ ಎಂ (M) ಜಾಗದಲ್ಲಿ ಕೂತಿರುವುದು ಒ. ಓದಲು ತಮಾಷೆ, ಟಾರ್ಕ್ ಪಟ್ಟಿಯಲ್ಲಿ ಅಲ್ಲ.

ಪರಿಹಾರ ಫೈಲ್‌ನೊಳಗೇ ಇದೆ. ಲಿಬ್ರೆಆಫೀಸ್‌ನಿಂದ ಎಲ್ಲವನ್ನೂ ಡಾಕ್ಸ್ ರೂಪಕ್ಕೆ ತಂದೆ. ಆ ರೂಪದಲ್ಲಿ ಪ್ರತಿ ಪ್ಯಾರಾ ಚಿಕ್ಕ ಚಿಕ್ಕ ರನ್‌ಗಳಾಗಿ ಒಡೆದಿರುತ್ತದೆ. ಫಾಂಟ್ ಬದಲಾದ ಕಡೆ ರನ್ ಬದಲಾಗುತ್ತದೆ. ರನ್‌ನ ಫಾಂಟ್ ಹೆಸರು ನೋಡಿ, ಕನ್ನಡ ಫಾಂಟ್ ಇದ್ದರೆ ಮಾತ್ರ ತಿರುಗಿಸಬೇಕು. ಕೆಲವು ರನ್‌ಗಳಲ್ಲಿ ಫಾಂಟ್ ಹೆಸರು ಖಾಲಿ ಇರುತ್ತದೆ, ಅದು ಪ್ಯಾರಾದ ಸ್ಟೈಲ್‌ನಿಂದ ಬಂದಿರುತ್ತದೆ. ಆಗ ಸ್ಟೈಲ್ ಹಿಡಿದು ಮೇಲೆ ಮೇಲೆ ಹತ್ತಿ ನೋಡಬೇಕು. ಇಷ್ಟಾದರೂ ಅಂಕಿ ಇರುವ ಪ್ರತಿ ಸಾಲನ್ನೂ ಹಳೆಯ ಮುದ್ರಿತ ಪ್ರತಿಯ ಪಕ್ಕ ಇಟ್ಟು ಇಬ್ಬರು ಹಿರಿಯ ಫಿಟ್ಟರ್‌ಗಳು ಓದಿದರು. ಆ ಕೆಲಸವನ್ನು ಸ್ಕ್ರಿಪ್ಟ್‌ಗೆ ಬಿಡುವ ಧೈರ್ಯ ನನಗಿಲ್ಲ.

ಹುಡುಕಾಟ, ಪಿಡಿಎಫ್

ಬುಕ್‌ಸ್ಟ್ಯಾಕ್ ಪದದ ಶುರುವಿನಿಂದ ಹೋಲಿಸಿ ಹುಡುಕುತ್ತದೆ. ಪ್ರತ್ಯಯ ಹಚ್ಚಿಕೊಂಡು ಬೆಳೆಯುವ ನಮ್ಮ ಪದಗಳಿಗೆ ಇದು ಅನುಕೂಲವೇ. ಆದರೆ "ಬೇರಿಂಗ್" ಅಂತ ಹುಡುಕಿದರೆ "ಬೇರಿಂಗಿನ" ಸಿಗುವುದಿಲ್ಲ, ಕೊನೆಯ ವಿರಾಮ ಅಡ್ಡ ಬರುತ್ತದೆ. "ಬೇರಿಂಗ" ಅಂತ ಟೈಪ್ ಮಾಡಿದರೆ ಎರಡೂ ಬರುತ್ತವೆ. ಹುಡುಕಾಟದ ಈ ಕಿವಿಮಾತನ್ನು ಮುಖಪುಟದಲ್ಲೇ ಹಾಕಿದ್ದೇವೆ. "ಸಾಫ್ಟ್‌ವೇರ್" ಥರದ ಪದಗಳ ಮಧ್ಯೆ ಕಾಣದ ಸೊನ್ನೆ ಅಗಲದ ಗುರುತು ಇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕಿತ್ತು ಹಾಕಿದರೆ ಒತ್ತಕ್ಷರ ಆಗಿ ಓದಲು ಕಷ್ಟ. ಹಾಗಾಗಿ ಪುಟದಲ್ಲಿ ಬಿಟ್ಟು, ಅದಿಲ್ಲದ ರೂಪವನ್ನು ಟ್ಯಾಗ್‌ಗೆ ಸೇರಿಸಿದೆ.

ಪಿಡಿಎಫ್ ಬೇಡ ಅಂತ ನನಗೆ ಎಷ್ಟೇ ಅನ್ನಿಸಿದರೂ ಗೋಡೆಗೆ ಅಂಟಿಸಲು ಕಾಗದ ಬೇಕೇ ಬೇಕು. ಬುಕ್‌ಸ್ಟ್ಯಾಕ್‌ನ ಜೊತೆಗೆ ಬರುವ ಡಾಂಪಿಡಿಎಫ್‌ಗೆ ಕನ್ನಡದ ಒತ್ತು, ಕಾಗುಣಿತ ಜೋಡಿಸಲು ಬರುವುದಿಲ್ಲ. ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆ ಬಂತು. 2024ರ ಆವೃತ್ತಿಗಳಿಂದ ಹೊರಗಿನ ತಂತ್ರಾಂಶವೊಂದರ ಆದೇಶದಿಂದ ಪಿಡಿಎಫ್ ಮಾಡಿಸುವ ಸೌಲಭ್ಯ ಇದೆ. ಅದಕ್ಕೆ ವೀಸಿಪ್ರಿಂಟ್ ಹಾಕಿ, ಸರ್ವರ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಇಟ್ಟೆ. ವೀಸಿಪ್ರಿಂಟ್ ಅಕ್ಷರ ಜೋಡಿಸಲು ಪ್ಯಾಂಗೋ ಅನ್ನುವ ಲೈಬ್ರರಿ ಬಳಸುವುದರಿಂದ ಒತ್ತಕ್ಷರಗಳು ಸರಿಯಾಗಿ ಕೂತವು.

ಬ್ಯಾಕಪ್ ಮೊದಲಿನಷ್ಟು ಸುಲಭ ಅಲ್ಲ. ಡೇಟಾಬೇಸ್ ಡಂಪ್ (ಪೂರ್ತಿ ನಕಲು), ಅಪ್‌ಲೋಡ್ ಇರುವ ಎರಡು ಫೋಲ್ಡರ್, ಜೊತೆಗೆ ಸೆಟ್ಟಿಂಗ್ ಕಡತ. ಆ ಕಡತದಲ್ಲಿ ಗೂಢಲಿಪಿಯ ಕೀಲಿ ಇರುತ್ತದೆ, ಬಿಟ್ಟರೆ ಕೆಟ್ಟಿರಿ. ಬೇರೆ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡುವಾಗ, ಪುಟಗಳೊಳಗೆ ಪೂರ್ತಿ ವಿಳಾಸ ಉಳಿದಿರುವುದರಿಂದ ವಿಳಾಸ ಬದಲಿಸುವ ಆದೇಶವನ್ನೂ ಓಡಿಸಬೇಕು. ಪುಟದ ಹಳೆಯ ಆವೃತ್ತಿಗಳಿಗೆ 100ರ ಮಿತಿ ಇರುತ್ತದೆ, ಆಡಿಟ್ ಇರುವ ಕಡೆ ಅದನ್ನು ತೆಗೆದುಹಾಕಿ.

ಸೂಪರ್‌ವೈಸರ್‌ಗಳಲ್ಲಿ ಕೆಲವರು ಈಗ ತಾವೇ ಬರೆಯುತ್ತಿದ್ದಾರೆ, ಕೆಲವರು ಇನ್ನೂ ವಾಟ್ಸಾಪ್ ಬಿಟ್ಟಿಲ್ಲ. ಕೆಲಸದ ಪಟ್ಟಿಯಲ್ಲಿ ಉಳಿದಿರುವುದು ಪೇಜ್‌ಮೇಕರ್‌ನಲ್ಲಿ ಕಟ್ಟಿದ ಹಳೆಯ ತರಬೇತಿ ಕೈಪಿಡಿಗಳು. ಅವೂ ನುಡಿ ಫಾಂಟ್‌ನವೇ. ಲಿಬ್ರೆಆಫೀಸ್ ಅವನ್ನು ತೆರೆಯುತ್ತದೆ, ಆದರೆ ಡ್ರಾಯಿಂಗ್ ಆಗಿ. ಅಲ್ಲಿಂದ ಅಕ್ಷರ ಮತ್ತು ಫಾಂಟ್ ಹೆಸರನ್ನು ಒಟ್ಟಿಗೆ ಹೊರತೆಗೆಯುವ ಸ್ಕ್ರಿಪ್ಟ್ ಅರ್ಧಕ್ಕೆ ಬಂದಿದೆ.